ಗಾದಿಯ ಮೂರನೇ ಲೋಡು

ಇದು ಖರೇ ನಡೆದದ್ದು. ನಂಬಿಕೆ ಬರದವರು ವಾಡಿಗೆ ಬಂದು ತ್ರಿವೇಣಿ ಶಾಮಿಯಾನದ ಅಂಗಳದಲ್ಲಿ ಯಾರನ್ನಾದರೂ ಕೇಳಿ. ಅವರು ನನಗಿಂತ ಜೋರಾಗಿ ಹೇಳುತ್ತಾರೆ, ಯಾಕೆಂದರೆ ಅವರ ಕೈಯಲ್ಲಿ ಮೈಕು ಇದೆ. ನನ್ನ ಕೈಯಲ್ಲಿ ಇರುವುದು ಪೆನ್ನು. ಅದೂ ಆಫೀಸಿನದು.

ಆಫೀಸು ಅಂದರೆ ಚಿತ್ತಾಪುರದ ಒಬ್ಬ ತೆರಿಗೆ ಸಲಹೆಗಾರರದು. ವಾಡಿ, ಶಹಾಬಾದ, ಸೇಡಂ ಕಡೆಯ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ತಂದು, ತಿದ್ದಿ, ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಹೋದ ವರ್ಷ ಏಪ್ರಿಲ್ ಒಂದರಿಂದ ಹೊಸ ನಿಯಮವೊಂದು ಬಂತು. ಪಾಲುದಾರಿಕೆಯ ಸಂಸ್ಥೆ ತನ್ನ ಪಾಲುದಾರರಿಗೆ ಸಂಬಳ, ಬಡ್ಡಿ, ಬೋನಸ್ಸು ಎಂದು ವರ್ಷಕ್ಕೆ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಕೊಟ್ಟರೆ ಅದರಲ್ಲಿ ನೂರಕ್ಕೆ ಹತ್ತು ಮೊದಲೇ ಹಿಡಿದು ಸರಕಾರಕ್ಕೆ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ, ಯಾವ ಪಾಲುದಾರರಿಗೆ ಎಷ್ಟು ಕೊಟ್ಟೆವು, ಎಷ್ಟು ಹಿಡಿದೆವು ಎಂದು ಹೆಸರು, ಪ್ಯಾನ್ ನಂಬರು ಸಮೇತ ವರದಿ ಕೊಡಬೇಕು. ಇದಕ್ಕೆ ಟಿಡಿಎಸ್ ಎನ್ನುತ್ತಾರೆ. ಟಿಡಿಎಸ್ ಅಂದರೇನು ಎಂದು ಕೇಳುವ ಗಿರಾಕಿಗಳಿಗೆ ನಾನು ಹೇಳುವ ಅರ್ಥ: ತಿಂದದ್ದರಲ್ಲಿ ದೊರೆಗೆ ಸ್ವಲ್ಪ. ಇವತ್ತಿನವರೆಗೆ ಒಬ್ಬ ಗಿರಾಕಿಯೂ ನಕ್ಕಿಲ್ಲ. ಕರ ಕಟ್ಟಿರಿ ಅಂದರೆ ಕೈಕಟ್ಟಿ ಕೂಡುವ ಜನ, ನಗುವುದಾದರೂ ಹೇಗೆ?

ತ್ರಿವೇಣಿ ಶಾಮಿಯಾನ ನಮ್ಮ ಹಳೆಯ ಗಿರಾಕಿ. ವಾಡಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಫರ್ಸಿ ಕಲ್ಲು ಹಾಸಿದ ಅಂಗಳ, ತಗಡಿನ ಗೋದಾಮು, ಗೇಟಿನ ಮೇಲೆ ಎರಡು ಹಾರ್ನ್ ಸ್ಪೀಕರು. ಪಾಲುದಾರರು ಮೂವರು. ಬಟ್ಟೆ, ಬೊಂಬು, ಮೈಕ್‌ಸೆಟ್ಟು ಅಬ್ದುಲ್ ಮಜೀದ ಅವರ ಕಡೆ. ಹಂಡೆ, ಪರಾತ, ಒಲೆ, ಅಡುಗೆ ಮಾಡುವ ಎಂಟು ಹೆಣ್ಣುಮಕ್ಕಳು ಅನಸುಬಾಯಿಯವರ ಕಡೆ. ರೊಕ್ಕ, ಲೆಕ್ಕ ಮತ್ತು ಬಾಯಿ ವಿಠ್ಠಲರಾವ್ ಮಾಸ್ತರರ ಕಡೆ.

ವಿಠ್ಠಲರಾವ್ ನನಗೆ ಒಂಬತ್ತನೇ ಇಯತ್ತೆಯಲ್ಲಿ ಗಣಿತ ಹೇಳಿದವರು. ಹೆಸರಿಗೆ ತಕ್ಕಂತೆ ಸೊಂಟದ ಮೇಲೆ ಎರಡೂ ಕೈ ಇಟ್ಟು ನಿಲ್ಲುವವರು. ಕಾಲ ಕೆಳಗೆ ಇಟ್ಟಿಗೆ ಒಂದು ಕಡಿಮೆ. ಅವರ ಮಾತಿಗೆ ಒಂದು ಅಚ್ಚು ಇತ್ತು. ಏನೇ ಹೇಳಲಿ, “ಒಂದನೇದು” ಎಂದು ಶುರು ಮಾಡಿ, “ಎರಡನೇದು” ಎಂದು ಮುಂದುವರಿಸಿ, ಕೊನೆಗೆ ಬೆರಳೆತ್ತಿ “ಮೂರನೇದು ಇಲ್ಲ” ಎಂದು ಮುಗಿಸುವರು. ಆ ದನಿ ನನ್ನ ಗಂಟಲಿಗೆ ಎಷ್ಟು ಸರಿಯಾಗಿ ಕೂಡುತ್ತಿತ್ತೆಂದರೆ, ಒಂದು ದಿನ ಕೊನೆಯ ತಾಸಿಗೆ ಮೊದಲು ಕಿಟಕಿಯ ಹೊರಗೆ ನಿಂತು ನಾನು ಹೇಳಿದ್ದೆ: “ಒಂದನೇದು, ಗದ್ದಲ ಮಾಡಬ್ಯಾಡ್ರಿ. ಎರಡನೇದು, ಎಲ್ಲಾರೂ ಮನಿಗೆ ಹೋಗ್ರಿ. ಮೂರನೇದು ಇಲ್ಲ.” ಅರವತ್ತು ಮಂದಿ ಚೀಲ ಎತ್ತಿಕೊಂಡು ಮನೆಗೆ ಹೋದರು. ಮಾಸ್ತರರು ಬಂದಾಗ ಖಾಲಿ ಬೆಂಚುಗಳು ಅವರಿಗೆ ನಮಸ್ಕಾರ ಮಾಡಿದವು. ಕಳ್ಳ ಯಾರೆಂದು ಅವರು ಹುಡುಕಿದ್ದೇ ಹುಡುಕಿದ್ದು. ಸಿಗಲಿಲ್ಲ. ಸೇಡಂನಲ್ಲಿ ಹಳೆಯ ವಿದ್ಯಾರ್ಥಿಗಳ ಸಮಾರಂಭವಾದಾಗಲೂ ವೇದಿಕೆಯ ಮೇಲಿಂದಲೇ ಕೇಳಿದ್ದರಂತೆ.

ಇನ್ನು ಆ ಅಂಗಳದ ಪದ್ಧತಿ. ತಿಂಗಳ ಕೊನೆಯ ಶನಿವಾರ ಚುಕ್ತಾ. ಬೊಂಬು ಹೊರುವವರು, ಅಡುಗೆಯವರು ಅಂಗಳದಲ್ಲಿ ಸಾಲು ನಿಲ್ಲುತ್ತಾರೆ. ಮಾಸ್ತರರು ಹಾಜರಿ ಪುಸ್ತಕ ನೋಡಿ ಹೆಸರು ಕೂಗುತ್ತಾರೆ; ಒಬ್ಬೊಬ್ಬರೇ ಬಂದು ಸಹಿ ಮಾಡಿ, ನಿಂತೇ ಎಣಿಸಿಕೊಂಡು ಹೋಗುತ್ತಾರೆ. ಸಾಲು ಮುಗಿದ ಮೇಲೆ ಪಾಲುದಾರರು ಗಾದಿಯ ಮೇಲೆ ಕೂತು, ಒರಗಿ, ಕಪ್ಪು-ಬಸಿಯಲ್ಲಿ ಚಹಾ ಕುಡಿದು ತಮ್ಮ ರೊಕ್ಕ ತೆಗೆದುಕೊಳ್ಳುತ್ತಾರೆ. ಒರಗಲು ಮೂರು ಲೋಡು ಹೊಲಿಸಿದ್ದರು. ಒಂದಕ್ಕೆ ಮಾಸ್ತರರು, ಒಂದಕ್ಕೆ ಮಜೀದ. ಮೂರನೆಯದರ ಮೇಲೆ ಹಾಜರಿ ಪುಸ್ತಕ, ಬಿಲ್ ಬುಕ್ಕು, ಹಳೆಯ ಪಂಚಾಂಗ ಮತ್ತು ಒಂದು ಥರ್ಮಾಸು.

ಅನಸುಬಾಯಿ ನಿಲ್ಲುತ್ತಿದ್ದದ್ದು ಸಾಲಿನಲ್ಲಿ.

ಅದಕ್ಕೊಂದು ಕಾರಣವಿತ್ತು. ಸಂಸ್ಥೆ ಶುರುವಾದ ಮೊದಲ ತಿಂಗಳು ಅಡುಗೆಯ ಜಾನಬಿಯ ಪಗಾರದಲ್ಲಿ ನೂರು ರೂಪಾಯಿ ಕಡಿಮೆ ಬಂದಿತ್ತು. ಮರುತಿಂಗಳಿನಿಂದ ಅನಸುಬಾಯಿ ಸಾಲಿನ ತುದಿಗೆ ಬಂದು ನಿಂತು, ತಮ್ಮ ಎಂಟೂ ಹೆಣ್ಣುಮಕ್ಕಳ ನೋಟು ತಾವೇ ಎಣಿಸಿ ಕೊಡತೊಡಗಿದರು. ಹೇಗೂ ಅಲ್ಲೇ ನಿಂತಿದ್ದಾರಲ್ಲ ಎಂದು ಅವರ ಸಂಬಳದ ಹದಿನೆಂಟು ಸಾವಿರವನ್ನೂ ಅಲ್ಲೇ ಕೊಟ್ಟರು. ಕೊಟ್ಟದ್ದಕ್ಕೆ ಸಹಿ ಬೇಕಲ್ಲ, ಮಾಸ್ತರರು ಅಚ್ಚುಕಟ್ಟು ಮನುಷ್ಯ, ಹಾಜರಿ ಪುಸ್ತಕದ ತುದಿಯಲ್ಲಿ ಅವರ ಹೆಸರು ಬರೆದರು. ಹಾಜರಿಯಲ್ಲಿ ಇದ್ದದ್ದು ಕೂಲಿ ಖಾತೆಗೆ ಹೋಯಿತು. ಕೂಲಿ ಖಾತೆಯಲ್ಲಿ ಇದ್ದದ್ದು ನಮ್ಮ ಆಫೀಸಿಗೆ ಬಂತು. ನಾವೂ ಆರು ವರ್ಷ ಕಣ್ಣುಮುಚ್ಚಿಕೊಂಡು ಹಾಗೇ ತುಂಬಿದೆವು. ಹೊಸ ವರದಿಯಲ್ಲಿ ಪಾಲುದಾರರ ಹೆಸರನ್ನೇ ಬರೆಯಬೇಕಾದಾಗ ನಾನು ಮೊದಲ ಸಲ ಕರಾರು ಪತ್ರ ತೆಗೆದು ಓದಿದೆ. ಒಂಬತ್ತನೇ ಕಲಮಿನಲ್ಲಿ ಮಾಸ್ತರರದೇ ಮುತ್ತಿನಂಥ ಅಕ್ಷರ: ಮೂವರೂ ದುಡಿಯುವ ಪಾಲುದಾರರು, ಮೂವರಿಗೂ ಸಮ ಸಂಬಳ.

ಜುಲೈ ತಿಂಗಳು. ಮೊದಲ ಮೂರು ತಿಂಗಳ ವರದಿಗೆ ಮೂವತ್ತೊಂದೇ ಕೊನೆಯ ದಿನ. ನಾನು ಒಂದು ಮಧ್ಯಾಹ್ನ ವಾಡಿಗೆ ಹೋಗಿ ಗಾದಿಯ ಅಂಚಿಗೆ ಕೂತೆ. ಮಜೀದ ಅವರು ಪಕ್ಕದಲ್ಲಿ ಹರಿದ ವಾಯರಿಗೆ ಟೇಪು ಸುತ್ತುತ್ತಿದ್ದರು.

“ಪಾಲುದಾರರ ಹೆಸರು ಹೇಳ್ರಿ ಸರ್,” ಎಂದೆ.

“ಬರಕೋ. ಒಂದನೇದು, ವಿಠ್ಠಲರಾವ್, ತಿಂಗಳಿಗೆ ಹದಿನೆಂಟು ಸಾವಿರ. ಎರಡನೇದು, ಅಬ್ದುಲ್ ಮಜೀದ, ಹದಿನೆಂಟು ಸಾವಿರ. ಮೂರನೇದು ಇಲ್ಲ.”

“ಅನಸುಬಾಯಿಯವರು?”

“ಆಕೀದು ಕೂಲಿ ಖಾತೆದಾಗ ಅದ. ಮೊದಲಿಂದ ಹಂಗೇ ಅದ.”

“ಕರಾರು ಪತ್ರದಾಗ ಮೂರು ಹೆಸರು ಅದಾವಲ್ರಿ ಸರ್. ನೀವೇ ಬರದೀರಿ.”

“ಅದು ಹಳೇದಾತು.” ಮಾಸ್ತರರು ಪಂಚಾಂಗದ ಅಡಿಯಿಂದ ಒಂದು ಹಾಳೆ ಎಳೆದರು. “ಆಗಸ್ಟಿನಿಂದ ಹೊಸಾ ಕರಾರು ಮಾಡೂದದ. ನನ್ನ ಅಳಿಯ ಬರಾಕತ್ತಾನ. ನಿಮ್ಮ ಸಾಹೇಬರಿಗೆ ಟೈಪ್ ಮಾಡಿಸು ಅಂತ ಹೇಳು. ಈಗಿನ ಇಬ್ಬರು ಪಾಲುದಾರರು, ಹೊಸಾವ ಒಬ್ಬ, ಒಟ್ಟು ಮೂರು.”

ಮಜೀದ ಅವರ ಕೈಯಲ್ಲಿ ಟೇಪು ನಿಂತಿತು. “ಮಾಸ್ತರ್ ಸಾಬ್, ಅನಸಕ್ಕಗ ಕೇಳೀರೇನ್ರಿ?”

“ಕೇಳೂದೇನದ? ಆಕೀ ಪಗಾರ ಎಲ್ಲಿ ಓಡಿ ಹೊಂಟದ? ಅಷ್ಟೇ ರೊಕ್ಕ, ಅಷ್ಟೇ ಕೆಲಸ.”

ಈಗ ನನಗೆ ಪೂರ್ತಿ ಕಂಡಿತು. ಪಾಲುದಾರರು ಇಬ್ಬರೇ ಎಂದು ಈ ವರದಿ ಸರಕಾರಕ್ಕೆ ಹೋದರೆ, ಹೊಸ ಕರಾರಿಗೆ ಅದೇ ಸಾಕ್ಷಿ. ಆರು ವರ್ಷದ ಹಾಜರಿ ಪುಸ್ತಕ, ಅದರ ತುದಿಗೆ ಅನಸುಬಾಯಿಯವರದೇ ಸಹಿ. ಮೂರನೇ ಲೋಡಿನ ಮೇಲಿನ ಥರ್ಮಾಸು ಇಳಿಯುತ್ತಿತ್ತು ನಿಜ, ಆದರೆ ಅಳಿಯನ ಬೆನ್ನಿಗಾಗಿ.

“ಬೋರ್ಡಿನ ಮ್ಯಾಲ ತ್ರಿವೇಣಿ ಅಂತ ಬರದೀರಲ್ರಿ ಸರ್,” ಎಂದೆ.

“ತ್ರಿವೇಣಿಯೊಳಗ ಮೂರನೇ ನದಿ ಕಣ್ಣಿಗಿ ಕಾಣಂಗಿಲ್ಲೋ. ಒಳಗಿಂದೊಳಗ ಹರೀತದ.” ಮಾಸ್ತರರಿಗೆ ತಮ್ಮ ಮಾತು ತಮಗೇ ರುಚಿಸಿತು.

“ಕಾಣಂಗಿಲ್ಲಂದ್ರ ಚಸ್ಮಾ ಒರಸ್ಕೋರಿ,” ಎಂಬ ದನಿ ಹಿಂದಿನಿಂದ ಬಂತು.

ಅನಸುಬಾಯಿ. ನಳದ ಕೆಳಗೆ ತೊಳೆದ ಪರಾತವನ್ನು ಸೊಂಟಕ್ಕೆ ಒತ್ತಿ ಹಿಡಿದು ನಿಂತಿದ್ದರು. ನೀರು ಇಳಿಯುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಅವರ ಕಾಲ ಬಳಿ ಫರ್ಸಿ ಕಲ್ಲು ಆಗಲೇ ಒದ್ದೆಯಾಗಿತ್ತು.

“ಕೌಸ್ತುಭ, ಇದು ಏನು ಅಂತ ನನಗ ತಿಳಿಯೂಹಂಗ ಹೇಳಪಾ.”

ಹೇಳಿದೆ. ಪಾಲುದಾರರಾದರೆ ಹತ್ತರಲ್ಲಿ ಒಂದು ಹಿಡಿಯುತ್ತಾರೆ, ತಿಂಗಳಿಗೆ ಸಾವಿರದ ಎಂಟುನೂರು. ಅದು ಅವರ ಹೆಸರಿನಲ್ಲೇ ಸರಕಾರದಲ್ಲಿ ಜಮಾ ಇರುತ್ತದೆ. ಆದಾಯ ಕಡಿಮೆ ಇರುವುದರಿಂದ ವರ್ಷದ ಕೊನೆಗೆ ರಿಟರ್ನ್ ಹಾಕಿದರೆ ಹೊಳ್ಳಿ ಬರುತ್ತದೆ. ಕೂಲಿ ಎಂದು ಬರೆದರೆ ಏನೂ ಹಿಡಿಯುವುದಿಲ್ಲ, ಆದರೆ ಪಾಲುದಾರರ ಪಟ್ಟಿಯಲ್ಲಿ ಹೆಸರೂ ಇರುವುದಿಲ್ಲ.

“ಕೇಳಿದೇನು?” ಮಾಸ್ತರರು ಮುಂದೆ ಬಾಗಿದರು. “ನಾ ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ. ಒಂದನೇದು, ಕೂಲಿ ಅಂದ್ರ ಒಂದ್ ಪೈಸಾ ಕಟ್ ಇಲ್ಲ. ಎರಡನೇದು, ಪ್ಯಾನು, ರಿಟರ್ನು, ಆಫೀಸು ಅಂತ ತಿರಗೂ ತ್ರಾಸ ಇಲ್ಲ. ಮೂರನೇದು...”

“ಮೂರನೇದು ನಾ ಇಲ್ಲ,” ಎಂದರು ಅನಸುಬಾಯಿ.

ಮಾಸ್ತರರ ಎತ್ತಿದ ಬೆರಳು ಹಾಗೇ ಉಳಿಯಿತು.

“ಕಟ್ ಮಾಡ್ರಿ,” ಎಂದರು ಅನಸುಬಾಯಿ. “ನಿಮ್ಮದು ಎಷ್ಟು ಹಿಡೀತೀರಿ, ನಂದೂ ಅಷ್ಟೇ ಹಿಡೀರಿ. ಒಂದು ರೂಪಾಯಿ ಕಡಿಮಿ ಹಿಡದ್ರೂ ನಾ ಬಿಡಂಗಿಲ್ಲ.”

“ಅಲ್ಲ, ಮಂದಿ ಟ್ಯಾಕ್ಸ್ ತಪ್ಪಿಸಾಕ ಓಡ್ತಾರ. ನೀ ಕಟ್ ಮಾಡ್ರಿ ಅಂತ ಜಗಳಾ ತಗೀತಿ? ತಲಿ ನೆಟ್ಟಗ ಅದ ಇಲ್ಲ?”

“ತಲಿ ಮ್ಯಾಲ ಹಂಡೆ ಹೊತ್ತು ಬಂದಾಕಿ ನಾ, ನೆಟ್ಟಗ ಇರಲಾರ್ದ ಏನು? ಮಾಸ್ತರ್ರ, ಕೂಲಿ ಅಂದ್ರ ನನಗ ನಾಚಿಕಿ ಇಲ್ಲ. ನಮ್ಮವ್ವ ಶಹಾಬಾದದಾಗ ಫರ್ಸಿ ಹೊತ್ತು ನನ್ನ ಬೆಳಸ್ಯಾಳ. ಆದರ ಈ ಅಂಗಳಕ್ಕ ನಾ ನಲವತ್ತು ಹಂಡೆ ತಂದು ಹಾಕೀನಿ. ನನ್ನ ಹಂಡೆ ಪಾಲಿನ್ಯಾಗ ಅದಾವ, ನಾ ಕೂಲಿಯೊಳಗ ಅದೀನಿ. ಇದ್ಯಾವ ಗಣಿತರಿ?”

ಗಣಿತ ಎಂಬ ಮಾತು ಮಾಸ್ತರರಿಗೆ ತಾಗಿತು. ಆದರೂ ಹಾಳೆಯನ್ನು ಪಂಚಾಂಗದ ಅಡಿಗೆ ತುರುಕಿದರು. “ಹಾಜರಿದಾಗ ಸಹಿ ಮಾಡದಾಕಿ ನೀನೇ. ನಾ ಹಿಡದು ಮಾಡಿಸೀನೇನು?”

“ಖರೇ. ನಾನೇ ಮಾಡೀನಿ. ನನ್ನ ಹೆಣ್ಣುಮಕ್ಕಳ ರೊಕ್ಕ ಕಾಯಾಕ ನಿಂತೆ, ನಾ ನಿಂತದ್ದನ್ನೇ ನೀವು ಬರಕೊಂಡ್ರಿ. ಈ ಶನಿವಾರ ಮಾಡಂಗಿಲ್ಲ. ಐತವಾರ ಸೇಡಂದಾಗ ಹೆಡ್‌ಮಾಸ್ತರರ ನಿವೃತ್ತಿ ಊಟ ಅದಲ್ಲ, ಎಂಟುನೂರು ಮಂದಿ? ನಿಮ್ಮ ಅಳಿಯನ್ನ ಕರಸ್ರಿ, ಹುಗ್ಗಿ ತಿರುವಲಿ.”

ಹೋಗುವಾಗ ಮಜೀದ ಅವರ ಮುಂದೆ ಒಂದು ಗಳಿಗೆ ನಿಂತರು. “ಮಜೀದಭಾಯಿ, ಆರು ವರ್ಷ ಲೋಡಿಗಿ ಒರಗಿ ಚಹಾ ಕುಡದೀರಿ. ಬಾಜೂದ ಲೋಡಿಗಿ ಯಾರಿಲ್ಲ ಅಂತ ಒಂದಿನರೆ ಅನಸಲಿಲ್ಲೇನ್ರಿ?”

ಮಜೀದ ಅವರು ಟೇಪನ್ನು ವಾಯರಿಗೆ ಸುತ್ತುವ ಬದಲು ತಮ್ಮ ಹೆಬ್ಬೆರಳಿಗೆ ಸುತ್ತಿಕೊಂಡಿದ್ದರು.

ನನ್ನನ್ನು ಸ್ಟೇಷನ್ನಿನವರೆಗೆ ಬಿಡಲು ಬಂದ ಮಜೀದ ಅವರು ದಾರಿಯಲ್ಲಿ ಗಾಡಿ ನಿಲ್ಲಿಸಿ ಚಹಾ ಕೊಡಿಸಿದರು. ಅರ್ಧ ಕಪ್ಪು ಮುಗಿಸಿದರು. ಆಮೇಲೆ, “ಶನಿವಾರ ಸೇಡಂ ಪ್ರೋಗ್ರಾಮಿನ ಮೈಕ್‌ಸೆಟ್ ಟೆಸ್ಟ್ ಮಾಡೋದದ,” ಎಂದರು. “ಹೊಸಾ ಕಾರ್ಡ್‌ಲೆಸ್ ಬಂದದ. ಗೋದಾಮಿನ ಒಳಗ ಕುಂತು ಮಾತಾಡಿದ್ರೂ ಗೇಟಿನ ಮ್ಯಾಲ ಕೇಳ್ತದ. ನಿನ್ನ ಗಂಟಲ ಹೆಂಗದ ಕೌಸ್ತುಭ?”

“ಯಾವ ಗಂಟಲ್ರಿ? ನನ್ನ ಹತ್ರ ಐದಾರು ಅದಾವ.”

“ಮಾಸ್ತರ್ ಸಾಬ್ ಅವರದು. ಸಾಲಿ ಕತಿ ನೀನೇ ಒಮ್ಮೆ ಹೇಳಿದ್ದಿ.”

ನಾನು ಬಸಿ ಕೆಳಗಿಟ್ಟೆ. ಒಂಬತ್ತನೇ ಇಯತ್ತೆಯ ಖಾಲಿ ಬೆಂಚುಗಳು ಕಣ್ಣ ಮುಂದೆ ಬಂದವು. “ಭಾಳ ವರ್ಷ ಆತ್ರಿ, ತುಕ್ಕು ಹಿಡದಿರಬೇಕು,” ಎಂದೆ. ನಂತರ ಸುಮ್ಮನೆ, ಟೆಸ್ಟಿಗೆಂದು, ಚಹಾದ ಅಂಗಡಿಯವನಿಗೆ ಮಾಸ್ತರರ ದನಿಯಲ್ಲಿ “ಒಂದನೇದು, ಸಕ್ಕರಿ ಕಡಿಮಿ ಹಾಕು,” ಎಂದೆ. ಅವನು ಬಗ್ಗಿ ನನ್ನ ಹಿಂದೆ ಮಾಸ್ತರರನ್ನು ಹುಡುಕಿದ. ತುಕ್ಕು ಹಿಡಿದಿರಲಿಲ್ಲ.

ಶನಿವಾರ ಸಂಜೆ ಐದಕ್ಕೆ ನಾನು ಗೋದಾಮಿನಲ್ಲಿ ಕನಾತಿನ, ಅಂದರೆ ಶಾಮಿಯಾನದ ಅಡ್ಡಬಟ್ಟೆಯ, ಮಡಿಕೆಗಳ ಹಿಂದೆ, ಕೈಯಲ್ಲಿ ಮೈಕು ಹಿಡಿದು ಕೂತಿದ್ದೆ. ತಗಡಿನ ಸಂದಿಯಿಂದ ಅಂಗಳ ಪೂರ್ತಿ ಕಾಣುತ್ತಿತ್ತು. ಸಾಲು ನಿಂತಿತ್ತು, ಮೂವತ್ತೈದು ನಲವತ್ತು ಮಂದಿ. ಅನಸುಬಾಯಿ ಎಂದಿನಂತೆ ಸಾಲಿನ ತುದಿಗೆ, ಆದರೆ ಎರಡು ಹೆಜ್ಜೆ ಪಕ್ಕಕ್ಕೆ. ನೀಲಿ ಇಳಕಲ್ಲ ಸೀರೆ, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು.

ಮಾಸ್ತರರು ಹಾಜರಿ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಆ ದಿನ ತುದಿಯ ಹೆಸರನ್ನೇ ಮೊದಲು ಕೂಗಿದರು: “ಅನಸುಬಾಯಿ!”

ಯಾರೂ ಬರಲಿಲ್ಲ.

“ಅನಸುಬಾಯಿ! ಇಲ್ಲೇ ನಿಂತೀಯಲ್ಲ, ಬಾ, ಸಹಿ ಮಾಡು.”

“ಕೂಲಿ ಪುಸ್ತಕದೊಳಗಿನ ಅನಸುಬಾಯಿ ಇವತ್ತು ಬಂದಿಲ್ರಿ,” ಎಂದರು ಅನಸುಬಾಯಿ. “ಗೈರುಹಾಜರಿ ಹಾಕ್ರಿ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರರು ಆ ಹೆಸರು ಬಿಟ್ಟು ಬೇರೆ ಹೆಸರಿಗೆ ಹೋದರು. “ಜಾನಬಿ!”

ಜಾನಬಿ ಸೆರಗು ಸರಿಮಾಡಿಕೊಂಡು ಹೇಳಿದಳು: “ನಾನೂ ಬಂದಿಲ್ರಿ ಸರ್.”

“ಮುಂದ ನಿಂತು ಬಂದಿಲ್ಲ ಅಂತೀಯಾ?”

“ಅನಸಕ್ಕಂದು ಸರಿ ಆಗೂತನಕ ನಮ್ಮದು ಎಂಟೂ ಮಂದಿದು ಗೈರುಹಾಜರಿರಿ. ನಾಳಿ ಸೇಡಂಗೂ ಗೈರುಹಾಜರಿರಿ.”

ಮಾಸ್ತರರ ಕಿವಿ ಕೆಂಪಾದವು. ನನಗೆ ಆ ಕಿವಿಗಳ ಗುರುತು ಚೆನ್ನಾಗಿತ್ತು. ಕೆಂಪಾದ ಮೇಲೆ ಡಸ್ಟರು ಹಾರುತ್ತಿತ್ತು. ಅವರು ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟು, ಬಾಯಿ ತೆರೆಯುವ ಮೊದಲೇ ಮಜೀದ ಅವರು ಗೋದಾಮಿನ ಕಡೆ ನೋಡಿ ತಲೆ ಕೆರೆದುಕೊಂಡರು. ಅದೇ ನಮ್ಮ ಗುರುತು. ನಾನು ಮೈಕಿನ ಗುಂಡಿ ಒತ್ತಿದೆ.

“ಎಲ್ಲಾರೂ ಇತ್ತ ಲಕ್ಷ್ಯ ಕೊಡ್ರಿ,” ಎಂದವು ಗೇಟಿನ ಮೇಲಿನ ಎರಡೂ ಹಾರ್ನುಗಳು, ಮಾಸ್ತರರ ದನಿಯಲ್ಲಿ. “ಪಾಲುದಾರರ ಚುಕ್ತಾ ಈಗ ಆಗ್ತದ. ಒಂದನೇದು, ವಿಠ್ಠಲರಾವ್. ಎರಡನೇದು, ಅಬ್ದುಲ್ ಮಜೀದ. ಮೂರನೇದು...”

ನಾನು ಅಲ್ಲಿ ನಿಲ್ಲಿಸಿದೆ. ಇಡೀ ಅಂಗಳ ಮಾಸ್ತರರ ಮುಚ್ಚಿದ ಬಾಯಿಯನ್ನೂ ಗೇಟಿನ ಹಾರ್ನನ್ನೂ ಒಂದೇ ಸಲ ನೋಡಲು ಹೆಣಗಾಡುತ್ತಿತ್ತು. ಆರು ವರ್ಷ ಕೇಳಿದ ಮಾತು, ಎಲ್ಲರ ತುಟಿಯ ಮೇಲೂ “ಇಲ್ಲ” ಎಂಬುದು ಸಿದ್ಧವಾಗಿ ನಿಂತಿತ್ತು.

“ಮೂರನೇದು ಅದ,” ಎಂದಿತು ಹಾರ್ನು. “ಅನಸುಬಾಯಿಯವರು ಗಾದಿಗಿ ಬಂದು ಕುಂದರಬೇಕು.”

ಹೋ ಎಂದು ಗದ್ದಲವೆದ್ದಿತು. ಮಾಸ್ತರರು ಎರಡೂ ಕೈ ಮೇಲೆತ್ತಿ ಕೂಗಿದರು: “ನಾ ಅಂದಿಲ್ಲ! ಇದು ನಾ ಅಂದಿಲ್ಲ!”

“ನಾ ಅಂದಿಲ್ಲ ಅಂತ ಯಾರು ಅಂದದ್ದು?” ಎಂದಿತು ಹಾರ್ನು. “ಹಿಂದಿನ ಬೆಂಚು, ಸುಮ್ಮ ಕೂಡ್ರಿ!”

“ಏ, ಯಾವನಲೇ ಅದು!”

“ಒಂದನೇದು, ಲೇ ಅನ್ನಬ್ಯಾಡ್ರಿ. ಎರಡನೇದು, ಒಂಬತ್ತನೇ ಕಲಮು ಓದ್ರಿ.”

ಬೊಂಬು ಹೊರುವವರು ಬೊಂಬು ಬಿಟ್ಟು ಹೊಟ್ಟೆ ಹಿಡಿದುಕೊಂಡಿದ್ದರು. ಮಜೀದ ಅವರು ಬಹಳ ಗಂಭೀರವಾಗಿ ಹೇಳಿದರು: “ಮಾಸ್ತರ್ ಸಾಬ್, ನೀವೇ ಇಬ್ಬರು ಆಗೀರಿ. ನಿಮಗ ಇಬ್ಬರಿಗಿ ಜಾಗಾ ಅದ ಅಂದ್ರ ಅನಸಕ್ಕಗ ಒಂದು ಲೋಡು ಇಲ್ಲೇನ್ರಿ?”

ಮಾಸ್ತರರನ್ನು ಬಿಟ್ಟರೆ ನಗದವರು ಒಬ್ಬರೇ, ಅನಸುಬಾಯಿ. ಅವರು ತಲೆ ಎತ್ತಿ ಹಾರ್ನಿನ ಕಡೆ ನೋಡಿ, “ಯಾರ ದನಿಯಾದ್ರೂ ಇರ್ಲಿ, ಬಂದ್ ಮಾಡು,” ಎಂದರು. “ನನ್ನ ಜಾಗಕ್ಕ ನನ್ನ ಯಾರೂ ಕರಿಯೂದು ಬ್ಯಾಡ.”

ನಾನು ಗುಂಡಿ ಬಿಟ್ಟೆ. ಕನಾತಿನ ಹಿಂದೆ ಕೂತವನಿಗೆ ಆ ಮಾತು ಚುರುಕ್ಕೆಂದಿತು. ಅಂಗಳದ ನಗು ಅರ್ಧಕ್ಕೇ ಕಡಿಯಿತು.

ಅವರು ನಡೆದು ಬಂದು ಗಾದಿಯ ಮುಂದೆ ಚಪ್ಪಲಿ ಬಿಟ್ಟರು. ಮೂರನೇ ಲೋಡಿನ ಮೇಲಿನ ಬಿಲ್ ಬುಕ್ಕು, ಪಂಚಾಂಗ, ಥರ್ಮಾಸು ಒಂದೊಂದಾಗಿ ತೆಗೆದು ಮಾಸ್ತರರ ಕೈಗೆ ಕೊಟ್ಟರು. ಮಾಸ್ತರರು ಬೇರೆ ದಾರಿ ಕಾಣದೆ ಎಲ್ಲವನ್ನೂ ಎದೆಗವಚಿಕೊಂಡರು. ಕೊನೆಗೆ ಅಳಿಯನ ಹಾಳೆ ಬಂತು. ಅದನ್ನು ಅನ್ನದ ಮೇಲಿನ ನೊಣ ತೆಗೆದಂತೆ ಎರಡು ಬೆರಳಲ್ಲಿ ಎತ್ತಿ ಥರ್ಮಾಸಿನ ಮೇಲಿಟ್ಟರು. ಆಮೇಲೆ ಕೂತರು. ಒರಗಲಿಲ್ಲ. ನೆಟ್ಟಗೆ ಕೂತು, ಫೈಲಿನಿಂದ ಕರಾರು ಪತ್ರದ ನಕಲು ತೆಗೆದರು.

“ಓದ್ರಿ ಮಾಸ್ತರ್ರ. ನಿಮ್ಮ ಅಕ್ಷರ, ನಿಮ್ಮ ಬಾಯಿಲೇ ಓದ್ರಿ. ಈ ಸಲ ಹಾರ್ನು ಬ್ಯಾಡ.”

“ಎಲ್ಲಾರ ಮುಂದ?”

“ನಾ ಸಾಲಿನ್ಯಾಗ ನಿಂತದ್ದು ಎಲ್ಲಾರ ಮುಂದೇನೇ.”

ಮಾಸ್ತರರು ಥರ್ಮಾಸು ಕೆಳಗಿಟ್ಟರು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ನೋಡಿದ ಕಣ್ಣು ಆ ಹಾಳೆಯ ಮೇಲೆ ಇಳಿಯಿತು. ಮೊದಲು ದನಿ ಸಣ್ಣಗಿತ್ತು. “ಮೇಲ್ಕಂಡ ಮೂವರೂ ದುಡಿಯುವ ಪಾಲುದಾರರಾಗಿದ್ದು, ಮೂವರಿಗೂ ಪ್ರತಿ ತಿಂಗಳು ಸಮನಾಗಿ...” ಅಲ್ಲಿಗೆ ನಿಂತರು. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಹಾಜರಿ ಪುಸ್ತಕ ತೆರೆದು ತುದಿಯ ಹೆಸರು ನೋಡಿದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಅಂಗಳದಲ್ಲಿ ನಲವತ್ತು ಮಂದಿ ಕತ್ತು ಚಾಚಿ ನಿಂತಿದ್ದರು. ಫಲಿತಾಂಶಕ್ಕೆ ನಿಂತ ಹಾಗೆ.

“ಲೆಕ್ಕ ತಪ್ಪದ,” ಎಂದರು ಮಾಸ್ತರರು.

“ಯಾರದು?”

“ನಂದು.”

ಕಿಸೆಯಿಂದ ಕೆಂಪು ಪೆನ್ನು ತೆಗೆದರು. ನಿವೃತ್ತರಾಗಿ ಇಷ್ಟು ವರ್ಷವಾದರೂ ಆ ಪೆನ್ನು ಕಿಸೆ ಬಿಟ್ಟಿರಲಿಲ್ಲ. ಹಾಜರಿ ಪುಸ್ತಕದ ತುದಿಯಲ್ಲಿ ತಾವೇ ಬರೆದ ‘ಅನಸುಬಾಯಿ’ ಎಂಬ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. ಮತ್ತೊಂದು ಹಾಳೆ ಹಿಡಿದು ಪಾಲುದಾರರ ಪಟ್ಟಿ ಬರೆದರು. ಮೂರು ಸಾಲು.

“ಅಳಿಯಂದು?” ಎಂದರು ಅನಸುಬಾಯಿ.

“ಅವನ ವಿಚಾರ... ಮೂರೂ ಮಂದಿ ಕುಂತು ಮಾತಾಡಿ ಮುಂದಿಂದು ನೋಡೂಣು.”

“ಮೂರೂ ಮಂದಿ ಅಂದ್ರಿ. ನಲವತ್ತು ಮಂದಿ ಕೇಳ್ಯಾರ. ಈಗ ನಂದು ಕಟ್ ಮಾಡ್ರಿ.”

ಕಟ್ ಮಾಡಿದರು. ಹದಿನೆಂಟು ಸಾವಿರದಲ್ಲಿ ಸಾವಿರದ ಎಂಟುನೂರು ತೆಗೆದಿಟ್ಟು ಹದಿನಾರು ಸಾವಿರದ ಎರಡುನೂರು ಎಣಿಸಿ ಕೊಟ್ಟರು. ಒಬ್ಬರ ಕೈಯಿಂದ ಸಾವಿರದ ಎಂಟುನೂರು ಹೋಗುವುದನ್ನು ನೋಡಿ ಚಪ್ಪಾಳೆ ತಟ್ಟಿದ ಜನವನ್ನು ನಾನು ಅದೊಂದೇ ಸಲ ಕಂಡದ್ದು. ಜಾನಬಿ ಒಳಗೆ ಹೋಗಿ ಚಹಾ ತಂದಳು. ಮೂರು ಕಪ್ಪು, ಮೂರು ಬಸಿ.

ಅಷ್ಟರಲ್ಲಿ ನಾನು ಸದ್ದಿಲ್ಲದೆ ಗೋದಾಮಿನ ಹಿಂಬಾಗಿಲಿನಿಂದ ಜಾರಬೇಕಿತ್ತು. ಆದರೆ ಲೆಕ್ಕದವನ ಬಾಯಿ ಸುಮ್ಮನಿರುವುದಿಲ್ಲ. ಮೈಕು ಹಿಡಿದೇ ಮುಂಬಾಗಿಲಿಗೆ ಬಂದು, “ಸರ್, ಏಪ್ರಿಲ್ಲಿಂದ ಜೂನ್‌ತನಕ ಹಿಡೀಲಾರ್ದ ಕೊಟ್ಟೀರಿ. ತಲಾ ಐದು ಸಾವಿರದ ನಾನೂರು, ಮ್ಯಾಲ ತಡಾ ಮಾಡಿದ್ದಕ್ಕ ಬಡ್ಡಿ ಕಟ್ಟಬೇಕ್ರಿ,” ಎಂದೆ.

“ಕಟ್ಟೂಣು,” ಎಂದರು ಅನಸುಬಾಯಿ, ಬಸಿಗೆ ಚಹಾ ಸುರಿಯುತ್ತ. “ಮೂರೂ ಮಂದಿದು ಕೂಡೇ ಕಟ್ರಿ.”

ಮಾಸ್ತರರು ಮಾತ್ರ ಬಡ್ಡಿಯ ಮಾತು ಕೇಳಲೇ ಇಲ್ಲ. ಅವರ ಕಣ್ಣು ನನ್ನ ಕೈಯಲ್ಲಿದ್ದ ಮೈಕಿನ ಮೇಲೆ ನಿಂತಿತ್ತು. ಅಲ್ಲಿಂದ ನಿಧಾನವಾಗಿ ನನ್ನ ಗಂಟಲಿಗೆ ಏರಿತು. ಗಾದಿಯಿಂದ ಇಳಿದರು. ಬರಿಗಾಲಲ್ಲೇ ಅಂಗಳ ದಾಟಿ ಬಂದು ನನ್ನ ಬಲಗಿವಿ ಹಿಡಿದರು. ಮೂವತ್ತು ವರ್ಷದವನ ಕಿವಿಯೂ ಅವರ ಬೆರಳಿಗೆ ಸರಿಯಾಗಿಯೇ ಕೂತಿತು.

“ಒಂಬತ್ತನೇ ಇಯತ್ತೆ,” ಎಂದರು. “ಕೊನೀ ತಾಸು. ಅರವತ್ತು ಮಂದಿ.”

“ಸರ್...”

“ಕಿಟಕಿ ಹೊರಗ ನಿಂತಿದ್ದಿ.”

“ಹೌದ್ರಿ ಸರ್.”

“ಹದಿನೈದು ವರ್ಷ ಹುಡಕೀನಿ ನಿನ್ನ! ನಿಮ್ಮ ಮನಿಗಿ ಬಂದು ನಿಮ್ಮಪ್ಪನ್ನ ಕೇಳೀನಿ, ‘ನಮ್ಮ ಹುಡಗ ಭಾಳ ಸೂಕ್ಷ್ಮ’ ಅಂತ ಚಹಾ ಕುಡಿಸಿ ಕಳಿಸ್ಯಾರ!” ನನ್ನ ಕೈಯಿಂದ ಮೈಕು ಕಸಿದುಕೊಂಡು, ಅದನ್ನೇ ಡಸ್ಟರಿನಂತೆ ಮೇಲೆತ್ತಿದರು. ಗುಂಡಿ ಒತ್ತಿ ಹೋಯಿತು. ಗೇಟಿನ ಮೇಲೆ ಹಾರ್ನುಗಳು ಕೀಂ ಎಂದವು. “ಕೇಳಿಲ್ಲಿ! ಒಂದನೇದು, ದೊಡ್ಡವರ ದನಿ ತಗೀಬಾರದು. ಎರಡನೇದು, ತಗದ್ರ ಇಷ್ಟು ಛಲೋ ತಗೀಬಾರದು. ಮೂರನೇದು...”

ಅಂಗಳವೇ ಅವರ ಬಾಯಿಯನ್ನು ನೋಡಿತು. ಗಾದಿಯ ಮೇಲೆ ಅನಸುಬಾಯಿ ಬಸಿಯನ್ನು ತುಟಿಯ ಹತ್ತಿರ ಹಿಡಿದು ಕಾಯುತ್ತಿದ್ದರು. ಮಾಸ್ತರರು ಅತ್ತ ತಿರುಗಿದರು. ಎತ್ತಿದ ಬೆರಳು, ತೆರೆದ ಬಾಯಿ, ಮೂರನೇ ಲೋಡು.

“ಮೂರನೇದು ಏನ್ರಿ ಮಾಸ್ತರ್ರ?” ಎಂದರು ಅನಸುಬಾಯಿ.

“ಮೂರನೇದು... ಚಹಾ ಕುಡೀರಿ ಅನಸುಬಾಯಿಯವರ, ಆರತದ,” ಎಂದರು ಮಾಸ್ತರರು. ಆರು ವರ್ಷದಲ್ಲಿ ಅವರ ಬಾಯಿಂದ ಅನಸುಬಾಯಿಗೆ ಬಂದ ಮೊದಲ ‘ರಿ’. ಅದು ಎರಡು ಹಾರ್ನಿನಲ್ಲಿ ಕೇಳಿದಾಗ ಮಾಸ್ತರರಿಗೇ ಏನಾಯಿತೋ, ಗಂಟಲಲ್ಲಿ ಒಂದು ಗುಳುಗುಳು ಎದ್ದು, ಹೊಟ್ಟೆಗಿಳಿದು, ಹೆಗಲು ಕುಲುಕಿಸಿ, ಸಿಡಿದು ಹೊರಬಂತು. ಮಜೀದ ಅವರು ನಕ್ಕರು, ಜಾನಬಿ ನಕ್ಕಳು, ಅನಸುಬಾಯಿ ಬಸಿ ಕೆಳಗಿಟ್ಟು ನಕ್ಕರು, ಕಿವಿ ಹಿಡಿಸಿಕೊಂಡು ನಾನೂ ನಕ್ಕೆ. ಆದರೆ ಮೈಕು ಇದ್ದದ್ದು ಮಾಸ್ತರರ ಕೈಯಲ್ಲಿ. ಅವರ ನಗು ಮಾತ್ರ ಗೇಟು ದಾಟಿ, ರಸ್ತೆ ದಾಟಿ, ಸ್ಟೇಷನ್ನಿಗೆ ಹೋಯಿತು. ಅಲ್ಲಿ ಗಾಡಿಗೆ ಕಾಯುತ್ತಿದ್ದವರು ಏನು ಘೋಷಣೆ ಆಯಿತೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರಂತೆ.